ಒಣ ನೆತ್ತಿಗೆ ಮನೆಮದ್ದು

ನೆತ್ತಿ ಒಣಗಿ ತುರಿಸಿದರೆ ಕರಾವಳಿಯವರಾದ ನಾವು ಮೊದಲು ಹುಡುಕುವುದು ತೆಂಗಿನೆಣ್ಣೆಯ ಕುಪ್ಪಿಯನ್ನು. ಅದು ಸರಿಯೇ. ಸ್ನಾನಕ್ಕೆ ಅರ್ಧ ಗಂಟೆ ಮೊದಲು ಎಣ್ಣೆ ಹಚ್ಚಿ, ದಾಸವಾಳದ ಎಲೆಗಳನ್ನು ನೀರಿನಲ್ಲಿ ಕಿವುಚಿ ಸೋಸಿದ ಲೋಳೆಯಿಂದ ತೊಳೆದರೆ ಚರ್ಮದ ಪಸೆ ಉಳಿಯುತ್ತದೆ. ರಾತ್ರಿ ನೆನೆಸಿ ಅರೆದ ಮೆಂತೆಯೂ ಆಗುತ್ತದೆ. ನೀರು ಮಾತ್ರ ಉಗುರುಬೆಚ್ಚಗಿರಲಿ. ಹಂಡೆಯ ಸುಡುನೀರನ್ನೇ ಸುರಿದುಕೊಂಡರೆ ಹಚ್ಚಿದ ಮದ್ದೆಲ್ಲ ವ್ಯರ್ಥ.

ಆದರೆ ತಲೆಯಿಂದ ಉದುರುವುದೆಲ್ಲ ಒಣಚರ್ಮವಲ್ಲ. ಜಿಡ್ಡಾದ, ಹಳದಿ ಛಾಯೆಯ ಹೊಟ್ಟಿನ ಹಿಂದೆ ಹೆಚ್ಚಾಗಿ ಮಲಸೇಜಿಯಾ ಎಂಬ ಶಿಲೀಂಧ್ರವಿರುತ್ತದೆ. ಚರ್ಮದ ಜಿಡ್ಡೇ ಅದರ ಆಹಾರ. ಅಂತಹ ತಲೆಗೆ ರಾತ್ರಿಯಿಡೀ ಎಣ್ಣೆ ಬಿಡುವುದನ್ನು ನಾವು ಒಪ್ಪಲಾರೆವು; ಕೀಟೋಕೊನಜೋಲ್ ಶಾಂಪೂ ಮೇಲು. ಮಕ್ಕಳ ತಲೆಯಲ್ಲಿ ದುಂಡಗೆ ಕೂದಲು ಉದುರಿ ಹುರುಪೆ ಕಂಡರೆ ಹುಳುಕಡ್ಡಿ ಇರಬಹುದು. ಅದಕ್ಕೆ ಹಚ್ಚುವ ಮದ್ದು ಸಾಲದು, ವೈದ್ಯರು ಬರೆದುಕೊಡುವ, ಹೊಟ್ಟೆಗೆ ತೆಗೆದುಕೊಳ್ಳುವ ಔಷಧವೇ ಬೇಕು. ಅಲ್ಲಿಯವರೆಗೆ ಆ ಮಗುವಿನ ಬಾಚಣಿಗೆ, ಟವೆಲು ಬೇರೆ ಇಡಿ.