ಕ್ಷಕಿರಣಗಳ ಜರಡಿ

ಬಿಳಿಯ ಬೆಳಕನ್ನು ಗಾಜಿನ ಪಟ್ಟಕವು ಏಳು ಬಣ್ಣಗಳಾಗಿ ಬಿಡಿಸುತ್ತದೆ. 1895ರಲ್ಲಿ ರಾಂಟ್‌ಜನ್ ಕಂಡುಹಿಡಿದ ಕ್ಷಕಿರಣಗಳಲ್ಲಿಯೂ ಹಲವು ತರಂಗದೂರಗಳು ಬೆರೆತಿರುತ್ತವೆ. ಆದರೆ ಪಟ್ಟಕದಲ್ಲಿ ಅವು ಬಾಗುವುದು ಅತ್ಯಲ್ಪ. ಹಾಗಾದರೆ ಅವುಗಳಲ್ಲಿ ಒಂದನ್ನೇ ಆರಿಸಿ ತೆಗೆಯುವ ಬಗೆ ಯಾವುದು?

ಹರಳೇ ಅದಕ್ಕೆ ಸಾಧನ. ಹರಳಿನಲ್ಲಿ ಪರಮಾಣುಗಳು ಸಮಾನ ಅಂತರದ ಪದರಗಳಾಗಿ ಜೋಡಣೆಗೊಂಡಿವೆ. ಈ ಅಂತರವೂ ಕ್ಷಕಿರಣಗಳ ತರಂಗದೂರವೂ ಬಹುಮಟ್ಟಿಗೆ ಒಂದೇ ಪ್ರಮಾಣದವು. ಒಂದೊಂದು ಪದರವೂ ಕಿರಣದ ಅಲ್ಪಾಂಶವನ್ನು ಪ್ರತಿಫಲಿಸುತ್ತದೆ. ಹೀಗೆ ಮರಳಿದ ಅಲೆಗಳಲ್ಲಿ ಉಬ್ಬಿಗೆ ಉಬ್ಬು ಕೂಡಿದರೆ ಕಿರಣ ಪ್ರಬಲವಾಗುತ್ತದೆ; ಕೂಡದಿದ್ದರೆ ಅಳಿಸಿಹೋಗುತ್ತದೆ. ಯಾವ ಕೋನದಲ್ಲಿ ಯಾವ ತರಂಗದೂರ ಉಳಿಯುವುದೆಂಬ ನಿಯಮವನ್ನು 1912ರಲ್ಲಿ 22 ವರ್ಷದ ತರುಣ ಲಾರೆನ್ಸ್ ಬ್ರ್ಯಾಗ್ ಕಂಡುಕೊಂಡನು. 1915ರಲ್ಲಿ ತಂದೆಯೊಡನೆ ನೊಬೆಲ್ ಪಾರಿತೋಷಕಕ್ಕೆ ಪಾತ್ರನಾದನು.

ಏಕವರ್ಣಕವೆಂಬ ಉಪಕರಣಕ್ಕೆ ಈ ನಿಯಮವೇ ತಳಹದಿ. ಅದರಲ್ಲಿ ಸಾಮಾನ್ಯವಾಗಿ ಎರಡು ಸಿಲಿಕಾನ್ ಹರಳುಗಳನ್ನು ಸಮಾಂತರವಾಗಿ ಇರಿಸಿರುತ್ತಾರೆ. ಮೊದಲನೆಯದು ಬೇಕಾದ ಅಲೆಯನ್ನು ಆರಿಸುತ್ತದೆ. ಎರಡನೆಯದು ಅದನ್ನು ಹಿಂದಿನ ದಿಕ್ಕಿಗೇ ತಿರುಗಿಸುತ್ತದೆ. ಹರಳುಗಳ ಕೋನವನ್ನು ತುಸು ಬದಲಿಸಿದರೆ ಬೇರೊಂದು ತರಂಗದೂರ ದೊರೆಯುತ್ತದೆ.

ಇಂದೋರಿನ ಇಂಡಸ್-2 ಸಿಂಕ್ರೊಟ್ರಾನಿನಲ್ಲಿ ಇಂತಹ ಉಪಕರಣಗಳಿವೆ. ಪ್ರೋಟೀನಿನ ಒಂದು ಅಣುವಿನಲ್ಲಿ ಸಾವಿರಾರು ಪರಮಾಣುಗಳಿರುತ್ತವೆ. ಬೆರಕೆಯ ಕಿರಣದಿಂದ ಅವುಗಳ ನೆಲೆಯನ್ನು ಗುರುತಿಸುವುದು ಬಲು ಕಠಿಣ. ಒಂದೇ ತರಂಗದೂರದ ಕಿರಣದಿಂದ ಅದು ಸುಗಮವಾಗುತ್ತದೆ. ರೋಗಾಣುವಿನ ಪ್ರೋಟೀನಿನ ರಚನೆ ತಿಳಿದಾಗ, ಅದಕ್ಕೆ ತಕ್ಕ ಔಷಧವನ್ನು ಅರಸುವ ದಾರಿಯೂ ತೆರೆಯುತ್ತದೆ.