ಬಯಲುಸೀಮೆ, ಮಲೆನಾಡು ಮತ್ತು ಕರಾವಳಿಯಲ್ಲಿ ಮಾರ್ಗದರ್ಶಿ ಸಹಿತ ಪಕ್ಷಿವೀಕ್ಷಣಾ ಪ್ರವಾಸ: ಅರ್ಜಿದಾರರಿಗೆ ಮಾಹಿತಿ

ಕರ್ನಾಟಕದಲ್ಲಿ ಮರುಭೂಮಿ ಇರುವುದಿಲ್ಲ. ಆದಾಗ್ಯೂ ಪಶ್ಚಿಮ ಘಟ್ಟಗಳ ಮಳೆನೆರಳಿನಲ್ಲಿರುವ ಬಳ್ಳಾರಿ, ವಿಜಯನಗರ ಮತ್ತು ಚಿತ್ರದುರ್ಗ ಜಿಲ್ಲೆಗಳ ಬಯಲು ಪ್ರದೇಶವು ವರ್ಷಕ್ಕೆ ಸುಮಾರು 500ರಿಂದ 600 ಮಿ.ಮೀ. ಮಳೆಯನ್ನು ಮಾತ್ರ ಪಡೆಯುವ, ಬಂಡೆ, ಕುರುಚಲು ಮತ್ತು ಒಣಹುಲ್ಲಿನ ನಾಡಾಗಿದೆ. ಅಲ್ಲಿಂದ ಪಶ್ಚಿಮಾಭಿಮುಖವಾಗಿ ಒಂದು ದಿನ ಪ್ರಯಾಣ ಮಾಡಿದಲ್ಲಿ ಕಾಳಿ ನದಿ ಕಣಿವೆಯ ನಿತ್ಯಹಸುರಿನ ಕಾಡು ಎದುರಾಗುತ್ತದೆ. ಘಟ್ಟವನ್ನು ಇಳಿದರೆ 3000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಕರಾವಳಿ. ಇಷ್ಟು ಕಡಿಮೆ ದೂರದಲ್ಲಿ ಮೂರು ಬಗೆಯ ಪಕ್ಷಿಸಂಕುಲವನ್ನು ನೋಡಲು ಸಾಧ್ಯವಿರುವ ಕಾರಣ, ಈ ಮಾರ್ಗದಲ್ಲಿ ಎಂಟರಿಂದ ಹತ್ತು ದಿನಗಳ ಪಕ್ಷಿವೀಕ್ಷಣಾ ಪ್ರವಾಸ ಕೈಗೊಳ್ಳುವವರ ಸಂಖ್ಯೆ ಹೆಚ್ಚುತ್ತಿದೆ. ಯಾವ ಸ್ಥಳಕ್ಕೆ ಯಾವ ಅನುಮತಿ ಬೇಕು, ಮಾರ್ಗದರ್ಶಿಯನ್ನು ಏಕೆ ಕರೆದೊಯ್ಯಬೇಕು, ಏನನ್ನು ಮಾಡಬಾರದು ಎಂಬ ಬಗ್ಗೆ ಸಾರ್ವಜನಿಕರಿಗೆ ತಿಳಿವಳಿಕೆ ನೀಡುವುದು ಈ ಲೇಖನದ ಉದ್ದೇಶವಾಗಿರುತ್ತದೆ.

ಅನುಮತಿಯ ವಿಚಾರ

ಕೆರೆ, ಹೊಲ, ಗೋಮಾಳ, ಕಡಲತೀರ ಮುಂತಾದ ಸಾರ್ವಜನಿಕ ಸ್ಥಳಗಳಲ್ಲಿ ಹಕ್ಕಿ ನೋಡಲು ಇಲಾಖೆಯ ಅನುಮತಿ ಅಗತ್ಯವಿಲ್ಲ. ಆದರೆ ಖಾಸಗಿ ಹೊಲಕ್ಕೆ ಕಾಲಿಡುವ ಮುನ್ನ ರೈತರನ್ನು ಕೇಳುವುದು ಕನಿಷ್ಠ ಸೌಜನ್ಯ. ಮೀಸಲು ಅರಣ್ಯವನ್ನು ಅನುಮತಿಯಿಲ್ಲದೆ ಪ್ರವೇಶಿಸುವುದು ಕರ್ನಾಟಕ ಅರಣ್ಯ ಕಾಯ್ದೆ, 1963ರ ಪ್ರಕಾರ ಅತಿಕ್ರಮ ಪ್ರವೇಶವಾಗುತ್ತದೆ. ವನ್ಯಜೀವಿಧಾಮ ಮತ್ತು ರಾಷ್ಟ್ರೀಯ ಉದ್ಯಾನಗಳ ಪ್ರವೇಶವನ್ನು ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ 27 ಮತ್ತು 28ನೇ ಪ್ರಕರಣಗಳು ನಿಯಂತ್ರಿಸುತ್ತವೆ. 28ನೇ ಪ್ರಕರಣದಡಿ ವನ್ಯಜೀವಿಗಳ ಅಧ್ಯಯನ, ಛಾಯಾಗ್ರಹಣ, ವೈಜ್ಞಾನಿಕ ಸಂಶೋಧನೆ, ಪ್ರವಾಸ ಇತ್ಯಾದಿ ಉದ್ದೇಶಗಳಿಗೆ ಪರವಾನಗಿ ನೀಡಬಹುದಾಗಿದೆ. ಸದರಿ ಕಾಯ್ದೆಗೆ 2022ರಲ್ಲಿ ತಂದ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಚಲನಚಿತ್ರೀಕರಣವನ್ನೂ ಸೇರಿಸಿ, ಆವಾಸಸ್ಥಾನದಲ್ಲಿ ಯಾವುದೇ ಬದಲಾವಣೆ ಮಾಡದೆ, ಪ್ರಾಣಿಗಳಿಗೆ ತೊಂದರೆಯಾಗದಂತೆ ಚಿತ್ರ ತೆಗೆಯತಕ್ಕದ್ದು ಎಂದು ಸ್ಪಷ್ಟಪಡಿಸಲಾಗಿದೆ. ಚಿತ್ರ ಚೆನ್ನಾಗಿ ಬರಲೆಂದು ಗೂಡಿಗೆ ಅಡ್ಡಲಾಗಿರುವ ಕೊಂಬೆಯನ್ನು ಕಡಿಯುವುದು ಈಗ ಪರವಾನಗಿಯ ಷರತ್ತಿನ ಉಲ್ಲಂಘನೆಯೂ ಆಗುತ್ತದೆ.

ಸಾಮಾನ್ಯ ಪ್ರವಾಸಿಗರು ಪ್ರತ್ಯೇಕ ಅರ್ಜಿ ಸಲ್ಲಿಸಬೇಕಾದ ಸಂದರ್ಭ ಕಡಿಮೆ. ಪ್ರವೇಶ ಟಿಕೆಟ್, ವಾಹನ ಶುಲ್ಕ ಮತ್ತು ಕ್ಯಾಮೆರಾ ಶುಲ್ಕವನ್ನು ಪ್ರವೇಶದ್ವಾರದಲ್ಲಿ ಪಾವತಿಸಿ ರಸೀದಿ ಪಡೆದರೆ ಸಾಕು. ಚಾರಣಪಥಗಳಿಗೆ 2024ರಿಂದ ‘ಅರಣ್ಯ ವಿಹಾರ’ ಜಾಲತಾಣದ ಮೂಲಕ ಮುಂಗಡವಾಗಿ ಕಾಯ್ದಿರಿಸುವ ವ್ಯವಸ್ಥೆಯಿದೆ. ಸಂಶೋಧನೆ, ವಾಣಿಜ್ಯ ಚಿತ್ರೀಕರಣ ಅಥವಾ ಸಾಕ್ಷ್ಯಚಿತ್ರ ನಿರ್ಮಾಣದ ಉದ್ದೇಶವಿದ್ದಲ್ಲಿ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಅರಣ್ಯ ಭವನದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅರ್ಜಿ ಸಲ್ಲಿಸತಕ್ಕದ್ದು. ಅರ್ಜಿಯಲ್ಲಿ ಸ್ಥಳ, ದಿನಾಂಕ, ತಂಡದ ಸದಸ್ಯರ ಸಂಖ್ಯೆ ಹಾಗೂ ಬಳಸುವ ಉಪಕರಣಗಳ ವಿವರವಿರಲಿ. ‘ಕರ್ನಾಟಕದ ಕಾಡುಗಳಲ್ಲಿ ಹಕ್ಕಿಗಳ ಅಧ್ಯಯನ’ ಎಂಬಷ್ಟು ವಿಶಾಲವಾಗಿ ಬರೆದ ಅರ್ಜಿಯನ್ನು ಪರಿಶೀಲಿಸುವುದು ಕಷ್ಟ. ಪೂರ್ವಾನುಮತಿಯಿಲ್ಲದೆ ಡ್ರೋನ್ ಹಾರಿಸುವಂತಿಲ್ಲ.

ಬಯಲುಸೀಮೆ

ಪ್ರವಾಸವನ್ನು ಹಂಪಿ–ಕಮಲಾಪುರದಿಂದ ಆರಂಭಿಸುವುದು ರೂಢಿ. ನವೆಂಬರ್‌ನಿಂದ ಫೆಬ್ರವರಿವರೆಗಿನ ಅವಧಿ ಸೂಕ್ತ. ಸಮೀಪದಲ್ಲಿರುವ ದರೋಜಿ ಕರಡಿಧಾಮವು ಕರಡಿಗಳಿಗಾಗಿ ರಚನೆಯಾದದ್ದಾದರೂ ಪಕ್ಷಿವೀಕ್ಷಕರಿಗೆ ಅಷ್ಟೇ ಮುಖ್ಯ. ಅಲ್ಲಿನ ವೀಕ್ಷಣಾ ಸ್ಥಳಕ್ಕೆ ಪ್ರವೇಶವು ಸಾಮಾನ್ಯವಾಗಿ ಮಧ್ಯಾಹ್ನದ ನಂತರ ಇರುವುದರಿಂದ, ಬೆಳಗಿನ ಹೊತ್ತನ್ನು ಕಮಲಾಪುರದ ಕೆರೆ ಮತ್ತು ಹಂಪಿಯ ಬಂಡೆಗುಡ್ಡಗಳ ಅಂಚಿನಲ್ಲಿ ಕಳೆಯುವುದು ಲಾಭದಾಯಕ. ಹಳದಿ ಕೊರಳಿನ ಪಿಕಳಾರ ದಕ್ಷಿಣ ಭಾರತದ ಇಂತಹ ಬಂಡೆಗುಡ್ಡಗಳನ್ನು ಬಿಟ್ಟು ಜಗತ್ತಿನ ಬೇರೆಲ್ಲಿಯೂ ಇಲ್ಲ. ಕಲ್ಲು ಗಣಿಗಾರಿಕೆಯಿಂದ ಒಂದು ಗುಡ್ಡ ಇಲ್ಲವಾದರೆ ಅದರ ನೆಲೆಯೂ ಇಲ್ಲವಾಯಿತೆಂದೇ ಅರ್ಥ. ಸಂಜೆ ನೀರಿಗೆ ಬರುವ ಸ್ಯಾಂಡ್‌ಗ್ರೌಸ್‌ಗಳನ್ನು ನೋಡಬೇಕಾದರೆ ನೀರಿನ ಹೊಂಡದಿಂದ ದೂರದಲ್ಲಿ, ಕತ್ತಲಾಗುವ ಮುನ್ನವೇ ಕುಳಿತಿರಬೇಕು. ತಡವಾಗಿ ನಡೆದು ಬಂದವರನ್ನು ಕಂಡರೆ ಅವು ನೀರು ಕುಡಿಯದೆ ಹಿಂದಿರುಗುತ್ತವೆ.

ಸಮಯವಿದ್ದವರು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಪಕ್ಷಿ ಸಂರಕ್ಷಣಾ ಮೀಸಲನ್ನೂ, ಗದಗ ಜಿಲ್ಲೆಯ ಮಾಗಡಿ ಕೆರೆಯನ್ನೂ ಸೇರಿಸಿಕೊಳ್ಳಬಹುದು. ಎರಡೂ 2024ರಲ್ಲಿ ರಾಮ್ಸಾರ್ ತಾಣಗಳಾಗಿ ಘೋಷಿತವಾಗಿವೆ. ಮಾಗಡಿ ಕೆರೆಗೆ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. ಬೆಳೆಗೆ ಆಗುವ ನಷ್ಟವನ್ನು ಸಹಿಸಿಕೊಂಡು ಅವುಗಳಿಗೆ ಎಡೆ ಕೊಟ್ಟಿರುವವರು ಅಲ್ಲಿಯ ರೈತರೇ ಎಂಬುದನ್ನು ಪ್ರವಾಸಿಗರು ಗಮನಿಸಬೇಕು.

ಎರ್ಲಡ್ಡುವಿನ ಬಗ್ಗೆ ಪ್ರತ್ಯೇಕವಾಗಿ ತಿಳಿಸುವುದು ಅವಶ್ಯ. ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂದು ಪುಸ್ತಕಗಳಲ್ಲಿ ಕಾಣುವ, ಸುಮಾರು ಒಂದು ಮೀಟರ್ ಎತ್ತರದ ಈ ಹಕ್ಕಿ ಹಿಂದೆ ರಾಣೆಬೆನ್ನೂರಿನ ಬಯಲಿನಲ್ಲಿಯೂ ಇತ್ತು. 1974ರಲ್ಲಿ ಅಲ್ಲಿ ಕೃಷ್ಣಮೃಗಗಳಿಗಾಗಿ ವನ್ಯಜೀವಿಧಾಮ ಘೋಷಣೆಯಾಯಿತು. ಆದರೆ ನೀಲಗಿರಿ ನೆಡುತೋಪುಗಳು ಹಬ್ಬಿದ ಜಾಗ ಬಯಲಿನ ಹಕ್ಕಿಗೆ ಬಯಲಾಗಿ ಉಳಿಯಲಿಲ್ಲ. ಹುಲ್ಲುಗಾವಲನ್ನು ಬಂಜರು ಎಂದು ಕರೆದು ಮರ ನೆಟ್ಟ ಕಾಲದ ಫಲವದು. ಇಂದು ರಾಜ್ಯದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಭಾಗದಲ್ಲಿ ಬೆರಳೆಣಿಕೆಯಷ್ಟು ಮಾತ್ರ ಉಳಿದಿವೆ. ದೇಶದಲ್ಲಿ ಉಳಿದಿರುವ ಹೆಚ್ಚಿನ ಪಾಲು ರಾಜಸ್ಥಾನದ ಮರುಭೂಮಿಯಲ್ಲಿದೆ. ಹೆಣ್ಣು ಹಕ್ಕಿ ಸಾಮಾನ್ಯವಾಗಿ ಒಂದೇ ಮೊಟ್ಟೆಯನ್ನು, ಅದನ್ನೂ ಬರಿ ನೆಲದ ಮೇಲೆ ಇಡುತ್ತದೆ. ವಾಹನದ ಚಕ್ರವೊಂದು ಹಾದುಹೋದರೆ ಆ ವರ್ಷದ ಸಂತಾನ ಮುಗಿದಂತೆ. ಆದುದರಿಂದ ಎರ್ಲಡ್ಡು ಇರುವ ಸ್ಥಳಗಳ ವಿವರವನ್ನು ಇಲ್ಲಿ ನೀಡುತ್ತಿಲ್ಲ. ಅದನ್ನು ಖಚಿತವಾಗಿ ತೋರಿಸುವುದಾಗಿ ಹಣ ಪಡೆಯುವ ಪ್ರವಾಸಗಳಿಗೆ ಸೇರದಿರಲು ಕೋರಲಾಗಿದೆ. ಆಕಸ್ಮಿಕವಾಗಿ ಕಂಡಲ್ಲಿ ದೂರದಿಂದಲೇ ನೋಡಿ, ಹತ್ತಿರದ ವಲಯ ಅರಣ್ಯ ಕಚೇರಿಗೆ ಮಾತ್ರ ತಿಳಿಸಿರಿ. ಚಿತ್ರವನ್ನು ಸ್ಥಳದ ಹೆಸರಿನೊಂದಿಗೆ ಅಂತರಜಾಲದಲ್ಲಿ ಹಾಕಬೇಡಿರಿ.

ಮಲೆನಾಡು

ಹುಬ್ಬಳ್ಳಿಯ ಮೂಲಕ ದಾಂಡೇಲಿ ತಲುಪಿದಲ್ಲಿ ಪ್ರವಾಸದ ಎರಡನೆಯ ಭಾಗ ಪ್ರಾರಂಭವಾಗುತ್ತದೆ. ದಾಂಡೇಲಿ ವನ್ಯಜೀವಿಧಾಮ ಮತ್ತು ಅಣಶಿ ರಾಷ್ಟ್ರೀಯ ಉದ್ಯಾನಗಳನ್ನು ಒಳಗೊಂಡ ಹುಲಿ ಸಂರಕ್ಷಿತ ಪ್ರದೇಶಕ್ಕೆ 2015ರಿಂದ ಕಾಳಿ ಎಂಬ ಹೆಸರಿದೆ. ಇಲ್ಲಿ ಕಾಲ್ನಡಿಗೆಗೆ ಎಲ್ಲೆಡೆ ಅವಕಾಶವಿಲ್ಲ. ಗಣೇಶಗುಡಿಯಂತಹ ಅಂಚಿನ ಸ್ಥಳಗಳಲ್ಲಿ ಹಕ್ಕಿಗಳ ಸ್ನಾನಕ್ಕಾಗಿ ಇಟ್ಟಿರುವ ನೀರಿನ ತೊಟ್ಟಿಗಳ ಬಳಿ ಕುಳಿತರೆ, ದಿನವಿಡೀ ಕಾಡು ಸುತ್ತಿದರೂ ಸಿಗದ ಹಕ್ಕಿಗಳು ಕಾಣಸಿಗುತ್ತವೆ. ನೀಲಿರೆಕ್ಕೆಯ ಗಿಳಿ, ಬಿಳಿಹೊಟ್ಟೆಯ ಮಟಪಕ್ಷಿ, ಕಾಕರಣೆ, ಸಿಳ್ಳಾರ ಇವು ಪಶ್ಚಿಮ ಘಟ್ಟಗಳಿಗೆ ಬರುವವರು ಹುಡುಕುವ ಹಕ್ಕಿಗಳು.

ಭಾರತದ ನಾಲ್ಕು ಬಗೆಯ ಮಂಗಟ್ಟೆಗಳು ಈ ಒಂದೇ ಪ್ರದೇಶದಲ್ಲಿ ಕಾಣುತ್ತವೆ. ಕಾಳಿ ನದಿಯ ಇಕ್ಕೆಲದ ಕಾಡನ್ನು 2011ರಲ್ಲಿ ಮಂಗಟ್ಟೆ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಗಿದೆ. ಇವುಗಳ ಗೂಡಿನ ವ್ಯವಸ್ಥೆಯನ್ನು ಅರಿಯದೆ ಕ್ಯಾಮೆರಾ ಹಿಡಿದು ಹೋಗುವುದು ಅಪಾಯಕಾರಿ. ಅಪಾಯ ಪ್ರವಾಸಿಗರಿಗಲ್ಲ, ಹಕ್ಕಿಗೆ. ಹೆಣ್ಣು ಮಂಗಟ್ಟೆಯು ಹಳೆಯ ಮರದ ಪೊಟರೆಯೊಳಗೆ ಸೇರಿ, ಬಾಯನ್ನು ಹಿಕ್ಕೆ ಮುಂತಾದವುಗಳಿಂದ ಮೆತ್ತಿ ಮುಚ್ಚಿಕೊಂಡು, ಕೊಕ್ಕು ತೂರುವಷ್ಟು ಸೀಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ದೊಡ್ಡ ಮಂಗಟ್ಟೆಗಳಲ್ಲಿ ಈ ಸ್ವಯಂ ಬಂಧನ ಮೂರು–ನಾಲ್ಕು ತಿಂಗಳು ನಡೆಯುತ್ತದೆ. ಅಷ್ಟು ಕಾಲವೂ ತಾಯಿಯ ಮತ್ತು ಮರಿಯ ಹೊಟ್ಟೆ ತುಂಬಬೇಕಾದದ್ದು ಗಂಡು ಹಕ್ಕಿ ಗಂಟಲಲ್ಲಿ ತುಂಬಿಕೊಂಡು ತರುವ ಹಣ್ಣುಗಳಿಂದಲೇ. ಗೂಡಿನ ಮರದ ಕೆಳಗೆ ಹತ್ತು ಜನ ನಿಂತಿದ್ದರೆ ಗಂಡು ಹಕ್ಕಿ ಹತ್ತಿರ ಬರುವುದಿಲ್ಲ. ದೂರದ ಕೊಂಬೆಯಲ್ಲಿ ಕಾದು ಹಿಂದಿರುಗುತ್ತದೆ. ಒಂದು ಒಳ್ಳೆಯ ಚಿತ್ರಕ್ಕಾಗಿ ಮೂರು ಗಂಟೆ ನಿಂತರೆ ಒಳಗಿರುವವು ಮೂರು ಗಂಟೆ ಉಪವಾಸ. ಮರುದಿನ ಇನ್ನೊಂದು ತಂಡ ಬರುತ್ತದೆ. ಜನವರಿಯಿಂದ ಮೇವರೆಗಿನ ಗೂಡುಕಾಲದಲ್ಲಿ ಗೂಡಿನ ಮರದ ಬಳಿ ತಂಡಗಳು ನಿಲ್ಲತಕ್ಕದ್ದಲ್ಲ. ಆಲ, ಅತ್ತಿ, ಬಸರಿ ಹಣ್ಣಾಗಿರುವ ಮರವನ್ನು ಮಾರ್ಗದರ್ಶಿ ತೋರಿಸಿದರೆ ಅಲ್ಲಿಯೇ ಮಂಗಟ್ಟೆಗಳನ್ನು ನಿರಾತಂಕವಾಗಿ ನೋಡಬಹುದು.

ಇದು ಕೇವಲ ಉಪದೇಶವಲ್ಲ. ಕಾಯ್ದೆಯ 2ನೇ ಪ್ರಕರಣದಲ್ಲಿರುವ ‘ಬೇಟೆ’ ಎಂಬ ಪದದ ವ್ಯಾಖ್ಯೆಯು ಪಕ್ಷಿಗಳ ಮೊಟ್ಟೆಗೆ ಹಾನಿ ಮಾಡುವುದನ್ನೂ, ಮೊಟ್ಟೆ ಅಥವಾ ಗೂಡಿಗೆ ತೊಂದರೆ ಕೊಡುವುದನ್ನೂ ಒಳಗೊಂಡಿದೆ. ಮೊದಲ ಅನುಸೂಚಿಯಲ್ಲಿರುವ ಪ್ರಾಣಿ–ಪಕ್ಷಿಗಳಿಗೆ ಸಂಬಂಧಿಸಿದಂತೆ ಈ ಅಪರಾಧಕ್ಕೆ 3 ವರ್ಷಕ್ಕೆ ಕಡಿಮೆಯಿಲ್ಲದ, 7 ವರ್ಷದವರೆಗೆ ವಿಸ್ತರಿಸಬಹುದಾದ ಸೆರೆವಾಸವನ್ನು ವಿಧಿಸಬಹುದಾಗಿದೆ. ಬಂದೂಕು ಹಿಡಿಯದವನೂ ಬೇಟೆಗಾರನಾಗಬಹುದು ಎಂಬುದು ಅನೇಕರಿಗೆ ತಿಳಿದಿರುವುದಿಲ್ಲ.

ಧ್ವನಿಮುದ್ರಿತ ಕೂಗನ್ನು ಕೇಳಿಸಿ ಹಕ್ಕಿಯನ್ನು ಹೊರಗೆಳೆಯುವ ಅಭ್ಯಾಸವೂ ಹಬ್ಬಿದೆ. ತನ್ನ ಎಲ್ಲೆಯೊಳಗೆ ಎದುರಾಳಿ ಬಂದನೆಂದು ಭ್ರಮಿಸಿ ಗಂಡು ಹಕ್ಕಿ ಮೇವು, ಗೂಡು ಎರಡನ್ನೂ ಬಿಟ್ಟು ಕೂಗುತ್ತ ಅಲೆಯುತ್ತದೆ. ಹಗಲಿನಲ್ಲಿ ಒಣ ಎಲೆಯಂತೆ ನಿಶ್ಚಲವಾಗಿ ಕುಳಿತಿರುವ ಕಪ್ಪೆಬಾಯಿ ಹಕ್ಕಿಯನ್ನು ತೋರಿಸುವಾಗಲಂತೂ ಮಾತನಾಡದೆ, ಕೊಂಬೆ ಸರಿಸದೆ, ಫ್ಲಾಷ್ ಬಳಸದೆ ಕೆಲವೇ ನಿಮಿಷದಲ್ಲಿ ಹಿಂದೆ ಸರಿಯಬೇಕು.

ಆರೋಗ್ಯದ ಬಗ್ಗೆ: 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆಯು ಉಣ್ಣೆಗಳಿಂದ ಹರಡುತ್ತದೆ. ಅದರ ಕಾಲ ಡಿಸೆಂಬರ್‌ನಿಂದ ಮೇ. ಅಂದರೆ ಪಕ್ಷಿವೀಕ್ಷಣೆಯ ಕಾಲವೇ. ಉತ್ತರ ಕನ್ನಡ ಮತ್ತು ಶಿವಮೊಗ್ಗ ಜಿಲ್ಲೆಗಳ ಕಾಡಂಚಿನಲ್ಲಿ ನಡೆಯುವವರು ಉದ್ದ ತೋಳಿನ ಬಟ್ಟೆ ಧರಿಸಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ಉಣ್ಣೆ ನಿರೋಧಕ ತೈಲ ಹಚ್ಚಿಕೊಳ್ಳಬೇಕು. ದರಗೆಲೆಗಳ ಮೇಲೆ ಕುಳಿತುಕೊಳ್ಳಬಾರದು. ಸತ್ತ ಮಂಗ ಕಂಡಲ್ಲಿ ಮುಟ್ಟದೆ ಆರೋಗ್ಯ ಅಥವಾ ಅರಣ್ಯ ಸಿಬ್ಬಂದಿಗೆ ತಿಳಿಸಬೇಕು. ಪ್ರವಾಸದಿಂದ ಮರಳಿದ ಎರಡು ವಾರಗಳೊಳಗೆ ಜ್ವರ ಬಂದರೆ ವೈದ್ಯರಿಗೆ ಕಾಡಿಗೆ ಹೋಗಿದ್ದ ಸಂಗತಿಯನ್ನು ತಪ್ಪದೆ ಹೇಳತಕ್ಕದ್ದು.

ಕರಾವಳಿ

ಅಣಶಿ ಘಟ್ಟವನ್ನು ಇಳಿದು ಕಾರವಾರ ತಲುಪುವವರಿಗೆ ಒಂದು ಎಚ್ಚರಿಕೆ. ದಾರಿಯ ಆಸುಪಾಸಿನಲ್ಲಿ ಕೈಗಾ ಅಣುವಿದ್ಯುತ್ ಸ್ಥಾವರವಿದೆ. ಕಾರವಾರದ ದಕ್ಷಿಣಕ್ಕೆ ನೌಕಾನೆಲೆಯಿದೆ. ನಿಷೇಧಿತ ಪ್ರದೇಶಗಳತ್ತ ದೂರದರ್ಶಕ ಅಥವಾ ಉದ್ದ ಲೆನ್ಸ್ ತಿರುಗಿಸಿದಲ್ಲಿ ಹಕ್ಕಿ ನೋಡುತ್ತಿದ್ದೆವೆಂಬ ಸಮಜಾಯಿಷಿ ಸಾಲದು.

ಕರಾವಳಿಯಲ್ಲಿ ಗಡಿಯಾರಕ್ಕಿಂತ ಉಬ್ಬರ–ಇಳಿತದ ಪಟ್ಟಿ ಮುಖ್ಯ. ನೀರಿಳಿದಾಗ ಕೆಸರುಬಯಲಿನಲ್ಲಿ ಚದುರಿ ಮೇಯುವ ಗೊರವಗಳು ಉಬ್ಬರ ಏರಿದಂತೆ ಎತ್ತರದ ದಿಬ್ಬಗಳಲ್ಲಿ ಒತ್ತಾಗಿ ಸೇರುತ್ತವೆ. ಈ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ನಿನ್ನೆ ಏಳು ಗಂಟೆಗೆ ಕಂಡ ದೃಶ್ಯವನ್ನು ಇಂದು ಏಳಕ್ಕೇ ನಿರೀಕ್ಷಿಸಲಾಗದು. ಕುಮಟಾ ಸಮೀಪದ ಅಘನಾಶಿನಿ ಅಳಿವೆ ಇದಕ್ಕೆ ಪ್ರಶಸ್ತ ಸ್ಥಳ. ಅಣೆಕಟ್ಟಿಲ್ಲದೆ ಹರಿಯುವ ಈ ನದಿಯ ಅಳಿವೆಯೂ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದೆ. ಕಾಂಡ್ಲಾ ಗಿಡಗಳ ಸಾಲು, ಕಗ್ಗ ಭತ್ತ ಬೆಳೆಯುವ ಗಜನಿ ಭೂಮಿ, ಅದರಾಚೆ ಕೆಸರು. ನೀರಿಳಿದ ಅದೇ ಗಳಿಗೆಯಲ್ಲಿ ಊರಿನವರು ಬಳಚು ಆರಿಸಲು ಇಳಿಯುತ್ತಾರೆ. ಹಕ್ಕಿಗಳು ಅವರಿಗೆ ಒಗ್ಗಿಕೊಂಡಿವೆ; ಬಣ್ಣದ ಬಟ್ಟೆ ತೊಟ್ಟು ಓಡಿಬರುವ ಹೊಸಬರಿಗಲ್ಲ. ಬಳಚು ಆರಿಸುವವರ ಒಪ್ಪಿಗೆಯಿಲ್ಲದೆ ಅವರ ಚಿತ್ರ ತೆಗೆಯಬಾರದು. ದಂಡೆಯ ಮೇಲೆ ಕುಳಿತೇ ಕಡಲಕ್ಕಿ, ರೀವ, ಗೊರವಗಳನ್ನು ಗುರುತಿಸಬಹುದು. ಬಿಳಿಹೊಟ್ಟೆಯ ಕಡಲ ಹದ್ದೂ ಕಾಣಸಿಗುವುದುಂಟು. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಸೂಕ್ತ ಕಾಲ.

ಮಾರ್ಗದರ್ಶಿ ಮತ್ತು ಪರಿಕರ

ಒಬ್ಬನೇ ಮಾರ್ಗದರ್ಶಿ ಮೂರೂ ಪ್ರದೇಶಗಳನ್ನು ಬಲ್ಲವನಾಗಿರುವುದು ವಿರಳ. ಪ್ರತಿ ಸ್ಥಳದಲ್ಲಿ ಸ್ಥಳೀಯ ಮಾರ್ಗದರ್ಶಿಯನ್ನು ಪಡೆಯುವುದು ಉತ್ತಮ. ಹಣವೂ ಆ ಊರಿನಲ್ಲಿಯೇ ಉಳಿಯುತ್ತದೆ. ಗುರುತಿನ ಚೀಟಿ ಕೇಳಿ, ಶುಲ್ಕವನ್ನು ಮೊದಲೇ ನಿಗದಿಪಡಿಸಿಕೊಳ್ಳಿರಿ. ಹಕ್ಕಿ ಕಂಡರೆ ಹೆಚ್ಚು ಹಣ, ಕಾಣದಿದ್ದರೆ ಕಡಿಮೆ ಎಂಬ ಒಪ್ಪಂದ ಮಾಡಿಕೊಳ್ಳಬೇಡಿರಿ. ಗೂಡಿನ ಬಳಿಗೆ ಕರೆದೊಯ್ಯುವಂತೆ ಮಾರ್ಗದರ್ಶಿಯನ್ನು ದೂಡುವುದು ಇಂತಹ ಒಪ್ಪಂದವೇ. ತಂಡದಲ್ಲಿ ಆರರಿಂದ ಎಂಟು ಜನರಿಗಿಂತ ಹೆಚ್ಚಿಲ್ಲದಿರುವುದು ಒಳಿತು. 1980ರಲ್ಲಿ ಸ್ಥಾಪಿತವಾದ ರಾಜ್ಯ ಸರ್ಕಾರದ ಉದ್ಯಮ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆಯ ವಸತಿಗಳಲ್ಲಿ ಪ್ರಕೃತಿತಜ್ಞರ ಸೇವೆ ದೊರೆಯುತ್ತದೆ.

ದುರ್ಬೀನು, ಟಿಪ್ಪಣಿ ಪುಸ್ತಕ, ಮಾಸಲು ಬಣ್ಣದ ಬಟ್ಟೆ, ನೀರು ಸಾಕು. ಸಲೀಂ ಅಲಿಯವರ ಪಕ್ಷಿಪುಸ್ತಕ ಇಂದಿಗೂ ಉಪಯುಕ್ತ. ಕನ್ನಡದಲ್ಲಿ ಓದಬಯಸುವವರು ಪೂರ್ಣಚಂದ್ರ ತೇಜಸ್ವಿಯವರ ‘ಹಕ್ಕಿ ಪುಕ್ಕ’ವನ್ನು ನೋಡಬಹುದು.

ಗಾಯಗೊಂಡ ಹಕ್ಕಿ ಸಿಕ್ಕಲ್ಲಿ ಮನೆಗೆ ಕೊಂಡೊಯ್ಯದೆ ಹತ್ತಿರದ ಅರಣ್ಯ ಕಚೇರಿಗೆ ತಲುಪಿಸತಕ್ಕದ್ದು. ಸತ್ತ ಹಕ್ಕಿಯ ಕಾಲಿನಲ್ಲಿ ಬಳೆ ಇದ್ದರೆ ಅದರ ಮೇಲಿನ ಅಕ್ಷರ ಮತ್ತು ಸಂಖ್ಯೆಯನ್ನು, ದೊರೆತ ಸ್ಥಳ ಹಾಗೂ ದಿನಾಂಕದೊಂದಿಗೆ ಬರೆದುಕೊಂಡು ಬಳೆಯಲ್ಲಿ ನಮೂದಿಸಿರುವ ಸಂಸ್ಥೆಗೆ ತಿಳಿಸಬೇಕು. ಭಾರತದಲ್ಲಿ ತೊಡಿಸಿದ ಬಳೆಗಳಲ್ಲಿ ಬಹುತೇಕ ಮುಂಬೈನ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವು. ಹಕ್ಕಿ ಜೀವಂತವಿದ್ದು ಹಾರಬಲ್ಲದಾದರೆ ಸಂಖ್ಯೆಯನ್ನು ದುರ್ಬೀನಿನಿಂದಲೇ ಓದಿಕೊಳ್ಳಿರಿ, ಹಿಡಿಯಬೇಡಿರಿ.