ಸೋಮವಾರದ ಮ್ಯಾಟಿನಿ ಯಾಕೆ ಮಾಯವಾಗುತ್ತೆ? 2025ರಲ್ಲಿ ನೋಡಿದ ಮೂರು ಸಿನಿಮಾ, ಒಂದು ಟಿಕೆಟ್ಟಿನ ಲೆಕ್ಕ

(ಪಾಡ್‌ಕಾಸ್ಟ್‌ನ ಬರಹರೂಪ. ಓದುವ ಅನುಕೂಲಕ್ಕಾಗಿ ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತು ಎರಡು ಕೆಲಸ ಇದೆ. ಒಂದು, 2025ರಲ್ಲಿ ನಾನು ನೋಡಿದ ಕನ್ನಡ ಸಿನಿಮಾಗಳಲ್ಲಿ ಮೂರರ ಬಗ್ಗೆ ಮಾತಾಡಬೇಕು: ‘ಮಿಥ್ಯ’, ‘ಅಜ್ಞಾತವಾಸಿ’, ‘ಸು ಫ್ರಮ್ ಸೋ’. ಇನ್ನೊಂದು, ಕೇಳುಗರೊಬ್ಬರ ಪ್ರಶ್ನೆಗೆ ಉತ್ತರ ಕೊಡಬೇಕು. ಅವರು ಇರೋದು ಒಂದು ತಾಲ್ಲೂಕು ಕೇಂದ್ರದಲ್ಲಿ. “ಮೇಡಂ, ನೀವು ಚೆನ್ನಾಗಿದೆ ಅಂದ ಸಿನಿಮಾನ ಭಾನುವಾರ ನೋಡೋಣ ಅಂತ ಇಟ್ಕೊಂಡಿದ್ರೆ ಅಷ್ಟರಲ್ಲಿ ಎತ್ತಂಗಡಿ ಆಗಿರುತ್ತೆ. ಯಾರು ಎತ್ತೋದು ಅದನ್ನ?” ಅಂತ ಕೇಳಿದ್ದಾರೆ. ಪ್ರಶ್ನೆ ಸಣ್ಣದಾಗಿ ಕಾಣುತ್ತೆ, ಆದರೆ ಕನ್ನಡದಲ್ಲಿ ಮುಂದೆ ಎಂಥ ಸಿನಿಮಾ ಬರುತ್ತೆ, ಎಂಥದ್ದು ಬರಲ್ಲ ಅನ್ನೋದು ಇದರ ಉತ್ತರದ ಮೇಲೇ ನಿಂತಿದೆ. ನಾನು ಬಿ.ಕಾಂ. ಓದಿದವಳು. ಕ್ಯಾಮೆರಾ ಲೆನ್ಸ್ ಬಗ್ಗೆ ಕೇಳಿದ್ರೆ ತಡವರಿಸ್ತೀನಿ, ಲೆಕ್ಕ ಅಂದ್ರೆ ಖುಷಿ.

ಮೊದಲು ಸಿನಿಮಾ.

‘ಮಿಥ್ಯ’ ಬಂದಿದ್ದು ಮಾರ್ಚ್ 7ಕ್ಕೆ. ನಿರ್ದೇಶನ ಸುಮಂತ್ ಭಟ್, ನಿರ್ಮಾಣ ರಕ್ಷಿತ್ ಶೆಟ್ಟಿ ಅವರ ಪರಂವಃ. ಹನ್ನೊಂದು ವರ್ಷದ ಹುಡುಗ, ಅಪ್ಪ ಅಮ್ಮ ಇಬ್ಬರೂ ಇಲ್ಲ. ಮುಂಬೈಯಿಂದ ಉಡುಪಿ ಕಡೆಯ ಚಿಕ್ಕಮ್ಮ, ಚಿಕ್ಕಪ್ಪನ ಮನೆಗೆ ಪುಟ್ಟ ತಂಗಿ ಜೊತೆ ಬರ್ತಾನೆ. ಇಷ್ಟೇ ಕತೆ. ಇಂಥ ಕತೆಯಲ್ಲಿ ಹುಡುಗನ ಕೈಲಿ ಅಳಿಸಿ, ವಯಲಿನ್ ಬಾರಿಸಿ, ನಮ್ಮನ್ನೂ ಅಳಿಸಿ ಕಳಿಸೋದು ಸುಲಭ. ಇಲ್ಲಿ ಹುಡುಗ ಸಿಡುಕ. ಕೆಲವು ಸಲ ಅವನನ್ನ ಕಂಡ್ರೆ ಸಿಟ್ಟೇ ಬರುತ್ತೆ. ಮನೆಯವರು ಒಳ್ಳೆಯವರೇ, ಆದರೆ ತಾವು ಒಳ್ಳೆಯವರಾಗಿ ಇರೋಕೆ ಎಷ್ಟು ಕಷ್ಟಪಡ್ತಿದ್ದಾರೆ ಅನ್ನೋದೂ ಅವರ ಮುಖದಲ್ಲಿ ಕಾಣುತ್ತೆ. ಹುಡುಗನ ಪಾತ್ರ ಮಾಡಿರೋ ಆತಿಶ್ ಶೆಟ್ಟಿ ಕ್ಯಾಮೆರಾ ಇದೆ ಅನ್ನೋದನ್ನೇ ಮರೆತ ಹಾಗಿದ್ದಾನೆ. ಚಿಕ್ಕಪ್ಪ ಆಗಿರೋದು ಪ್ರಕಾಶ್ ತೂಮಿನಾಡು, ನಾವೆಲ್ಲ ನಗಿಸೋ ಪಾತ್ರಗಳಲ್ಲಿ ನೋಡಿರೋ ಪ್ರಕಾಶ್ ತೂಮಿನಾಡು. ಇಲ್ಲಿ ಅವರು ಊಟಕ್ಕೆ ಕೂತು ಏನು ಮಾತಾಡಬೇಕು ಅಂತ ಗೊತ್ತಾಗದೆ ಇರೋ ರೀತಿ ನೋಡಬೇಕು. ನನ್ನ ತಕರಾರು ಒಂದೇ, ಕೊನೆಯ ಭಾಗದಲ್ಲಿ ಸಿನಿಮಾ ತನ್ನ ಮೌನದ ಮೇಲೆ ಸ್ವಲ್ಪ ಜಾಸ್ತಿ ಭರವಸೆ ಇಡುತ್ತೆ.

ನಾನು ನೋಡಿದ ಶೋನಲ್ಲಿ ನನ್ನನ್ನೂ ಸೇರಿಸಿ ಒಂಬತ್ತು ಜನ. ಎಣಿಸಿದೆ, ಅಭ್ಯಾಸ.

‘ಅಜ್ಞಾತವಾಸಿ’ ಏಪ್ರಿಲ್ 11ಕ್ಕೆ ಬಂತು. ‘ಗುಳ್ಟು’ ಮಾಡಿದ್ದ ಜನಾರ್ದನ್ ಚಿಕ್ಕಣ್ಣ ನಿರ್ದೇಶಕರು, ನಿರ್ಮಾಪಕರು ಹೇಮಂತ್ ಎಂ. ರಾವ್. ತೊಂಬತ್ತರ ದಶಕದ ಮಲೆನಾಡಿನ ಒಂದು ಊರು, ಅಪರಾಧ ಅಂದ್ರೇನು ಅಂತ ಗೊತ್ತಿಲ್ಲದ ಪೊಲೀಸ್ ಠಾಣೆ, ಊರಿಗೆ ಮೊದಲ ಸಲ ಬರೋ ಕಂಪ್ಯೂಟರ್, ಆಮೇಲೊಂದು ಸಾವು. ಇದಕ್ಕಿಂತ ಜಾಸ್ತಿ ಹೇಳಲ್ಲ. ರಂಗಾಯಣ ರಘು ಇನ್ಸ್‌ಪೆಕ್ಟರ್. ಅವರ ಗಂಟಲು ಎಷ್ಟು ದೊಡ್ಡದು ಅಂತ ನಮಗೆಲ್ಲ ಗೊತ್ತು, ಈ ಸಿನಿಮಾದಲ್ಲಿ ಅದನ್ನ ಬೀಗ ಹಾಕಿ ಇಟ್ಟಿದ್ದಾರೆ. ಭುಜ ಇಳಿಬಿಟ್ಟು ನಡೆಯೋ ನಡಿಗೆಯಲ್ಲೇ ಅರ್ಧ ಪಾತ್ರ ಮುಗಿದುಹೋಗುತ್ತೆ. ಮೊದಲ ಅರ್ಧ ನಿಧಾನ. ಹಿಂದೆ ಮುಂದೆ ಜಿಗಿಯೋ ಕಾಲಕ್ಕೆ ಒಗ್ಗಿಕೊಳ್ಳೋವರೆಗೂ ತಾಳ್ಮೆ ಬೇಕು. ಆದರೆ ಕೊಲೆ ಮಾಡಿದವರು ಯಾರು ಅನ್ನೋದಕ್ಕಿಂತ, ತಪ್ಪನ್ನ ಹೊತ್ಕೊಂಡು ಮನುಷ್ಯ ಎಷ್ಟು ವರ್ಷ ಬದುಕಬಹುದು ಅನ್ನೋ ಕಡೆ ಸಿನಿಮಾ ಹೊರಳುತ್ತಲ್ಲ, ಅಲ್ಲಿಂದ ನಾನು ಫೋನ್ ಮುಟ್ಟಲಿಲ್ಲ. ಇದು ಜೀ5ನಲ್ಲೂ ಬಂದಿದೆ.

ಮೂರನೆಯದು ನಿಮಗೆಲ್ಲ ಗೊತ್ತಿರೋದೇ. ‘ಸು ಫ್ರಮ್ ಸೋ’, ಅಂದ್ರೆ ಸುಲೋಚನಾ ಫ್ರಮ್ ಸೋಮೇಶ್ವರ. ಜುಲೈ 25. ಜೆ.ಪಿ. ತೂಮಿನಾಡು ಬರೆದು, ನಿರ್ದೇಶಿಸಿ, ನಟಿಸಿದ್ದಾರೆ, ರಾಜ್ ಬಿ. ಶೆಟ್ಟಿ ಅವರ ಸಂಸ್ಥೆಯದ್ದೇ ನಿರ್ಮಾಣ. ಕರಾವಳಿ ಹಳ್ಳಿಯ ಅಶೋಕ ಮಾಡಬಾರದ ಕೆಲಸಕ್ಕೆ ಹೋಗಿ ಸಿಕ್ಕಿಬಿದ್ದು, ತಪ್ಪಿಸಿಕೊಳ್ಳೋಕೆ ಮೈಮೇಲೆ ದೆವ್ವ ಬಂದ ಹಾಗೆ ನಾಟಕ ಆಡ್ತಾನೆ. ಊರಿಗೆ ಊರೇ ನಂಬುತ್ತೆ. ನಗು ಹುಟ್ಟೋದು ಡೈಲಾಗ್‌ಗಿಂತ ಹೆಚ್ಚಾಗಿ ಗುಂಪಿನಿಂದ. ಒಂದೇ ಫ್ರೇಮಿನಲ್ಲಿ ಎಂಟು ಜನ ಇದ್ರೆ ಎಂಟೂ ಜನ ಏನೋ ಒಂದು ಮಾಡ್ತಿರ್ತಾರೆ. ರಂಗಭೂಮಿಯಲ್ಲಿ ಪಳಗಿದವರಿಗೆ ಮಾತ್ರ ಇದು ಬರುತ್ತೆ. ಅಮ್ಮ ಥಿಯೇಟರಿಗೆ ಬಂದು ಏಳು ವರ್ಷ ಆಗಿತ್ತು. ಈ ಸಿನಿಮಾಕ್ಕೆ ಬಂದ್ರು, ಪಕ್ಕದ ಸೀಟಿನ ಅಪರಿಚಿತ ಹೆಂಗಸಿನ ಕೈ ತಟ್ಟಿ ನಕ್ಕರು. ದ್ವಿತೀಯಾರ್ಧದಲ್ಲಿ ಸಿನಿಮಾ ಗಂಭೀರ ಆದಾಗ ಹಾಲ್ ಪೂರ್ತಿ ನಿಶ್ಶಬ್ದ ಆಯ್ತು, ಅದೂ ನಿಜ. ಆದರೆ ಒಂದು ಮಾತು ಹೇಳಲೇಬೇಕು. ಹೆಣ್ಣಿನ ಮೇಲೆ ನಡೆಯೋ ದೌರ್ಜನ್ಯದ ಬಗ್ಗೆ ಕೊನೆಗೆ ಇಷ್ಟು ಕಾಳಜಿ ತೋರಿಸೋ ಸಿನಿಮಾ, ಅಶೋಕನ ಮೊದಲಿನ ಆ ಇಣುಕುವ ಕೆಲಸವನ್ನ ಮಾತ್ರ ಹುಡುಗಾಟ ಅಂತ ಸುಮ್ಮನೆ ದಾಟಿಬಿಡುತ್ತೆ. ಅಲ್ಲಿ ನನಗೆ ನಗು ಬರಲಿಲ್ಲ.

ಸರಿ, ಈಗ ಪ್ರಶ್ನೆಗೆ ಬರೋಣ. ಮೂರೂ ಒಳ್ಳೆಯ ಸಿನಿಮಾ, ಮೂರರಲ್ಲೂ ಸ್ಟಾರ್ ಹೀರೋ ಇಲ್ಲ. ಒಂದು ತಿಂಗಳುಗಟ್ಟಲೆ ಓಡ್ತು, ದೇಶ ವಿದೇಶ ಸೇರಿ ನೂರು ಕೋಟಿಗೂ ಮೇಲೆ ಗ್ರಾಸ್ ಮಾಡ್ತು ಅಂತ ವರದಿಗಳು ಬಂದ್ವು. ‘ಮಿಥ್ಯ’ ಬಂದದ್ದೇ ಎಷ್ಟೋ ಜನಕ್ಕೆ ಗೊತ್ತಾಗಲಿಲ್ಲ. ಯಾಕೆ?

ಗ್ರಾಸ್ ಅನ್ನೋ ಪದದಿಂದಲೇ ಶುರು ಮಾಡೋಣ. ನೀವು ಕೌಂಟರಿನಲ್ಲಿ 236 ರೂಪಾಯಿ ಕೊಟ್ರಿ ಅಂದ್ಕೊಳ್ಳಿ. ನೂರು ರೂಪಾಯಿಗಿಂತ ಹೆಚ್ಚಿನ ಟಿಕೆಟ್‌ಗೆ ಜಿಎಸ್‌ಟಿ ಶೇ. 18, ಅಂದ್ರೆ 36 ರೂಪಾಯಿ ಅಲ್ಲೇ ಹೋಯ್ತು. ಉಳಿದ 200 ನೆಟ್. ಆನ್‌ಲೈನ್‌ನಲ್ಲಿ ಬುಕ್ ಮಾಡಿದ್ರೆ ಮೇಲೆ ಕೊಡ್ತೀವಲ್ಲ ಕನ್ವೀನಿಯನ್ಸ್ ಫೀ, ಅದು ಸಿನಿಮಾದ ಲೆಕ್ಕಕ್ಕೇ ಬರಲ್ಲ. ಈ 200ನ್ನ ಥಿಯೇಟರ್ ಮತ್ತು ಸಿನಿಮಾದವರು ಹಂಚ್ಕೋಬೇಕು. ಹಿಂದಿಯಲ್ಲಿ 2009ರಲ್ಲಿ ನಿರ್ಮಾಪಕರು ಮಲ್ಟಿಪ್ಲೆಕ್ಸ್‌ಗಳಿಗೆ ಸಿನಿಮಾ ಕೊಡಲ್ಲ ಅಂತ ಎರಡು ತಿಂಗಳು ಮುಷ್ಕರ ಹೂಡಿದ್ರು. ಅದರ ಕೊನೆಗೆ ಆದ ಒಪ್ಪಂದ ಹೀಗೆ: ಮೊದಲ ವಾರ ಶೇ. 50 ಸಿನಿಮಾದವರಿಗೆ, ಎರಡನೇ ವಾರ 42.5, ಮೂರನೇ ವಾರ 37.5, ಆಮೇಲೆ 30. ಕನ್ನಡದಲ್ಲಿ ಸಿನಿಮಾದಿಂದ ಸಿನಿಮಾಕ್ಕೆ, ವಿತರಕರಿಂದ ವಿತರಕರಿಗೆ ಒಪ್ಪಂದದ ಅಂಕಿ ಹೆಚ್ಚುಕಡಿಮೆ ಆಗುತ್ತೆ. ವಾರ ಕಳೆದ ಹಾಗೆ ಇಳಿಯೋ ಸ್ವಭಾವ ಮಾತ್ರ ಇಲ್ಲೂ ಇದೆ.

ಹಾಗಾದ್ರೆ ಐದು ಕೋಟಿಯಲ್ಲಿ ಮಾಡಿದ ಒಂದು ಸಿನಿಮಾ ಥಿಯೇಟರ್‌ನಿಂದಲೇ ಹಾಕಿದ ದುಡ್ಡು ವಾಪಸ್ ತರಬೇಕು ಅಂದ್ಕೊಳ್ಳಿ. ಇದು ನನ್ನ ಉದಾಹರಣೆ, ಯಾವ ಸಿನಿಮಾದ ಲೆಕ್ಕವೂ ಅಲ್ಲ. ಸರಾಸರಿ ಶೇ. 45 ಪಾಲು ಸಿಕ್ತು ಅಂತ ಹಿಡಿದ್ರೆ ನೆಟ್ 11 ಕೋಟಿಗೂ ಮೇಲೆ ಬೇಕು. ಗ್ರಾಸ್ 13 ಕೋಟಿ ದಾಟಬೇಕು. ಇನ್ನೂರು ರೂಪಾಯಿಯ ಟಿಕೆಟ್ ಐದೂವರೆ ಲಕ್ಷ ಮಾರಾಟ ಆಗಬೇಕು. ಇದರಲ್ಲಿ ವಿತರಕರ ಕಮಿಷನ್ ಇಲ್ಲ, ಪ್ರಚಾರದ ಖರ್ಚು ಇಲ್ಲ, ಡಿಜಿಟಲ್ ಪ್ರೊಜೆಕ್ಷನ್‌ಗೆ ನಿರ್ಮಾಪಕರೇ ಕಟ್ಟೋ ಶುಲ್ಕ ಇಲ್ಲ. ಐದು ಕೋಟಿ ಸಿನಿಮಾ ಹತ್ತು ಕೋಟಿ ಮಾಡ್ತು ಅಂತ ಪೋಸ್ಟರ್ ಹಾಕಿದ್ರೆ ನಾವು ಡಬಲ್ ಲಾಭ ಅಂದ್ಕೋತೀವಿ. ನಿರ್ಮಾಪಕ ಅವತ್ತು ರಾತ್ರಿ ನಿದ್ದೆ ಮಾಡಿರಲ್ಲ.

ಈಗ ಆ ಸೋಮವಾರದ ಮ್ಯಾಟಿನಿ. ಸೀಟು ಅನ್ನೋದು ಟೊಮೆಟೊ ಇದ್ದ ಹಾಗೆ, ನಾವು ಕಾಲೇಜಿನಲ್ಲಿ ಪೆರಿಶಬಲ್ ಗೂಡ್ಸ್ ಅಂತ ಓದ್ತಿದ್ವಲ್ಲ, ಅದು. ಸೋಮವಾರ ಮಧ್ಯಾಹ್ನ ಖಾಲಿ ಉಳಿದ ಸೀಟನ್ನ ಮಂಗಳವಾರ ಮಾರೋಕಾಗಲ್ಲ. ಅದಕ್ಕೇ ಮಲ್ಟಿಪ್ಲೆಕ್ಸಿನಲ್ಲಿ ಶೋಗಳನ್ನ ಹಂಚೋರು ಶುಕ್ರ, ಶನಿ, ಭಾನುವಾರದ ಅಂಕಿ ನೋಡ್ತಾರೆ. ಭಾನುವಾರವೂ ಹಾಲ್ ಖಾಲಿ ಇದ್ರೆ ಸೋಮವಾರದಿಂದ ಶೋ ಕಮ್ಮಿ. ಉಳಿದ ಒಂದು ಶೋ ಬೆಳಗ್ಗೆ ಒಂಬತ್ತೂವರೆಗೋ ರಾತ್ರಿ ಹತ್ತೂವರೆಗೋ ಹೋಗುತ್ತೆ. ಆ ಹೊತ್ತಿಗೆ ಜನ ಬರಲ್ಲ. ಜನ ಬಂದಿಲ್ಲ ಅಂತ ಅದನ್ನೂ ತೆಗೀತಾರೆ. ಶುಕ್ರವಾರ ಹೊಸ ಸಿನಿಮಾಗಳು ಸಾಲಾಗಿ ನಿಂತಿರ್ತವೆ.

ಇದರ ಹಿಂದೆ ಇನ್ನೊಂದು ಕಾರಣ ಇದೆ, ಪಾಪ್‌ಕಾರ್ನ್. ತಿಂಡಿಯ ದುಡ್ಡಲ್ಲಿ ಸಿನಿಮಾದವರಿಗೆ ನಯಾಪೈಸೆ ಇಲ್ಲ, ಪೂರ್ತಿ ಥಿಯೇಟರ್‌ನದ್ದೇ. ದೇಶದ ದೊಡ್ಡ ಮಲ್ಟಿಪ್ಲೆಕ್ಸ್ ಸರಪಳಿಯ ಆದಾಯದಲ್ಲಿ ಸುಮಾರು ಮೂರನೇ ಒಂದು ಪಾಲು ತಿಂಡಿ ಪಾನೀಯದಿಂದ ಬರುತ್ತೆ. ಹಾಗಾಗಿ ಅವರಿಗೆ ಬೇಕಾಗಿರೋದು ತಲೆಗಳ ಸಂಖ್ಯೆ. ಒಂಬತ್ತು ಜನ ಮೌನವಾಗಿ ‘ಮಿಥ್ಯ’ ನೋಡಿ ಕಣ್ಣೊರೆಸಿಕೊಂಡು ಹೋದ್ರೆ ಎಸಿಯ ಕರೆಂಟ್ ಬಿಲ್ ಹುಟ್ಟಲ್ಲ. ಅವರನ್ನ ಬೈಯೋದು ಸುಲಭ, ನಾನು ಬೈಯಲ್ಲ. ಅವರ ಜಾಗದಲ್ಲಿ ಕೂತ್ರೆ ನಾನೂ ಅದೇ ಮಾಡ್ತಿದ್ದೆನೋ ಏನೋ.

ಕೇಳುಗರ ಊರಿನ ಕತೆ ಸ್ವಲ್ಪ ಬೇರೆ. ಅಲ್ಲಿರೋದು ಸಿಂಗಲ್ ಸ್ಕ್ರೀನ್. ನಮ್ಮ ರಾಜ್ಯದ ಎಷ್ಟೋ ಸಿಂಗಲ್ ಸ್ಕ್ರೀನ್‌ಗಳಲ್ಲಿ ಬಾಡಿಗೆ ಪದ್ಧತಿ ಇದೆ. ವಾರಕ್ಕೆ ಇಷ್ಟು ಅಂತ ಬಾಡಿಗೆ ನಿಗದಿ, ಕಲೆಕ್ಷನ್ ಅದಕ್ಕಿಂತ ಕಮ್ಮಿ ಆದ್ರೆ ನಿರ್ಮಾಪಕರೇ ಕೈಯಿಂದ ತುಂಬಬೇಕು. ದೊಡ್ಡ ಸಿನಿಮಾಕ್ಕೆ ಇದು ಲಾಭ, ಬಾಡಿಗೆ ಕಟ್ಟಿ ಉಳಿದದ್ದೆಲ್ಲ ಅವರದ್ದೇ. ಸಣ್ಣವರಿಗೆ ಅದು ಜೂಜು. ಪರ್ಸೆಂಟೇಜ್ ಪದ್ಧತಿ ಬರಲಿ ಅಂತ ನಿರ್ಮಾಪಕರು ಕೇಳ್ತಾನೇ ಇದ್ದಾರೆ. ಹಾಗಾಗಿ ನಿಮ್ಮೂರಿನ ಥಿಯೇಟರ್ ಮಾಲೀಕರು ಸಿನಿಮಾ ಎತ್ತಿದ್ರು ಅಂತಲೇ ಅಂದ್ಕೋಬೇಡಿ. ಎರಡನೇ ವಾರದ ಬಾಡಿಗೆ ನೆನೆಸಿಕೊಂಡು ಸಿನಿಮಾದವರೇ ಎತ್ತಿರಬಹುದು.

ಮತ್ತೆ ‘ಸು ಫ್ರಮ್ ಸೋ’ ಹೇಗೆ ಬದುಕ್ತು? ನಗಿಸೋ ಸಿನಿಮಾ, ಅದಂತೂ ದೊಡ್ಡ ಕಾರಣ. ಅದರ ಜೊತೆ ಅವರು ಒಂದು ಜಾಣತನ ಮಾಡಿದ್ರು. ಬಿಡುಗಡೆಗೆ ಮೊದಲೇ ಮಂಗಳೂರಿನಂಥ ಕಡೆ ಪ್ರೀಮಿಯರ್ ಶೋ ಇಟ್ರು. ಅಂದ್ರೆ ಬಾಯಿಮಾತು ಹರಡೋಕೆ ಬೇಕಾದ ನಾಲ್ಕೈದು ದಿನವನ್ನ ಶುಕ್ರವಾರಕ್ಕಿಂತ ಮುಂಚೆಯೇ ಖರ್ಚು ಮಾಡಿಕೊಂಡ್ರು. ಭಾನುವಾರದ ಅಂಕಿ ಬರೋ ಹೊತ್ತಿಗೆ ಜನಕ್ಕೆ ಸುದ್ದಿ ಮುಟ್ಟಿತ್ತು, ಇದ್ದ ಶೋ ಸಾಲದೆ ಹೆಚ್ಚು ಮಾಡಬೇಕಾಯ್ತು. ‘ಮಿಥ್ಯ’ದ ಬಗ್ಗೆ ಹೊಗಳಿಕೆ ನನ್ನ ಫೋನಿಗೆ ಬರೋಕೆ ಶುರುವಾದದ್ದು ಬುಧವಾರ. ಆದರೆ ಎಲ್ಲ ಸಣ್ಣ ಸಿನಿಮಾನೂ ಪ್ರೀಮಿಯರ್ ಇಟ್ಟು ಗೆಲ್ಲಬಹುದು ಅಂತ ಹೇಳೋರ ಮಾತನ್ನ ನಾನು ನಂಬಲ್ಲ. ಸಾವಿನ ಮನೆಯ ಕತೆಗೆ ಜನ ಗೆಳೆಯರ ಗುಂಪು ಕಟ್ಕೊಂಡು ಬರಲ್ಲ.

ಓಟಿಟಿ ಇದೆಯಲ್ಲ ಅಂತೀರಾ? ಕನ್ನಡಕ್ಕೆ ಅಲ್ಲೂ ಬಾಗಿಲು ಅರ್ಧ ಮುಚ್ಚಿದೆ. ಇದೇ ಸುಮಂತ್ ಭಟ್ ಇನ್ನೊಬ್ಬರ ಜೊತೆ ಸೇರಿ ರೂಪಿಸಿದ ‘ಏಕಂ’ ಸರಣಿಯನ್ನ ಕೊಳ್ಳೋಕೆ ಯಾವ ವೇದಿಕೆಯೂ ಮುಂದೆ ಬರದೆ, 2024ರಲ್ಲಿ ತಮ್ಮದೇ ಜಾಲತಾಣ ಮಾಡಿ ಬಿಡುಗಡೆ ಮಾಡಿದ್ರು. ವೇದಿಕೆಗಳು ಥಿಯೇಟರಿನ ಅಂಕಿ ನೋಡಿ ಬೆಲೆ ಕಟ್ತವೆ. ಅಂದ್ರೆ ಮತ್ತೆ ಅದೇ ಭಾನುವಾರ.

ಟಿಕೆಟ್ ಬೆಲೆ ಬಗ್ಗೆ ಎರಡು ಮಾತು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ತೆರಿಗೆ ಬಿಟ್ಟು 200 ರೂಪಾಯಿ ಗರಿಷ್ಠ ಅಂತ ನಿಯಮ ತಂತು, 75 ಅಥವಾ ಅದಕ್ಕಿಂತ ಕಮ್ಮಿ ಸೀಟಿನ ಪ್ರೀಮಿಯಂ ಪರದೆಗಳಿಗೆ ವಿನಾಯಿತಿ. ಸೆಪ್ಟೆಂಬರ್ 23ಕ್ಕೆ ಹೈಕೋರ್ಟ್ ಮಧ್ಯಂತರ ತಡೆ ಕೊಡ್ತು. ಅಕ್ಟೋಬರ್ 2ಕ್ಕೆ ‘ಕಾಂತಾರ ಅಧ್ಯಾಯ 1’ ಬಂತು. ನನ್ನ ಅಭಿಪ್ರಾಯ ಕೇಳಿದ್ರೆ, ಮಿತಿ ಬೇಕು, ಆದರೆ ಸಣ್ಣ ಸಿನಿಮಾಕ್ಕೆ ಅದಕ್ಕಿಂತ ಹೆಚ್ಚು ಬೇಕಾಗಿರೋದು ಕಮ್ಮಿ ಬೆಲೆ ಇಡೋ ಸ್ವಾತಂತ್ರ್ಯ. ಹತ್ತಿರದ ಮಾಲ್‌ನಲ್ಲಿ ದೊಡ್ಡ ಬಜೆಟ್ಟಿನ ಸಿನಿಮಾಕ್ಕೂ ‘ಅಜ್ಞಾತವಾಸಿ’ಯಂಥದ್ದಕ್ಕೂ ಮಾಮೂಲಿ ದಿನ ಹೆಚ್ಚುಕಡಿಮೆ ಒಂದೇ ರೇಟು. ನಾಲ್ಕು ಜನದ ಮನೆಯವರು, ಹೋಗಿ ಬರೋ ಆಟೋ, ಇಂಟರ್ವಲ್‌ನಲ್ಲಿ ಮಕ್ಕಳ ಹಟ, ಎಲ್ಲ ಸೇರಿ ಸಾವಿರದೈನೂರು ದಾಟುತ್ತೆ. ತಿಂಗಳಿಗೆ ಒಂದೇ ಸಲ ಅಷ್ಟು ಖರ್ಚು ಮಾಡೋರು ಗೊತ್ತಿಲ್ಲದ ಸಿನಿಮಾದ ಮೇಲೆ ಯಾಕೆ ಪಣ ಕಟ್ತಾರೆ? ನೂರು ರೂಪಾಯಿ ಆಗಿದ್ರೆ ಕಟ್ತಿದ್ರು. ನೂರರವರೆಗಿನ ಟಿಕೆಟ್‌ಗೆ ಈಗ ಜಿಎಸ್‌ಟಿ ಶೇ. 5 ಮಾತ್ರ. ಲೆಕ್ಕದ ದೃಷ್ಟಿಯಿಂದಲೂ ಅದು ಯೋಚಿಸೋ ಅಂಥದ್ದೇ.

ಕನ್ನಡ ಸಿನಿಮಾ ಉಳಿಸಿ ಅಂತ ನಾನು ಯಾರಿಗೂ ಹೇಳಲ್ಲ. ಟಿಕೆಟ್ ದೇಣಿಗೆ ಅಲ್ಲ, ನಿಮ್ಮ ದುಡ್ಡು. ನಾನು ಮಾಡಬಹುದಾದದ್ದು ಒಂದಿದೆ. ಇನ್ಮೇಲೆ ಸ್ಟಾರ್ ಇಲ್ಲದ ಸಿನಿಮಾ ಬಂದ ವಾರ ಶುಕ್ರವಾರ ಫಸ್ಟ್ ಶೋ ನೋಡಿ, ಅವತ್ತು ರಾತ್ರಿಯೇ ಐದು ನಿಮಿಷದ ಚಿಕ್ಕ ಎಪಿಸೋಡ್ ಹಾಕ್ತೀನಿ. ಎಡಿಟಿಂಗ್ ಒರಟಾಗಿರುತ್ತೆ, ಹಿಂದೆ ನಮ್ಮ ಬೀದಿಯ ನಾಯಿ ಬೊಗಳೋದೂ ಕೇಳಿಸಬಹುದು. ಚೆನ್ನಾಗಿಲ್ಲ ಅಂದ್ರೆ ಚೆನ್ನಾಗಿಲ್ಲ ಅಂತಲೇ ಹೇಳ್ತೀನಿ. ಕೇಳಿ ಶನಿವಾರನೋ ಭಾನುವಾರನೋ ನೀವೇ ತೀರ್ಮಾನ ಮಾಡಿ.

ಮುಂದಿನ ಎಪಿಸೋಡ್‌ನಲ್ಲಿ ಸಬ್ಸಿಡಿ ಬಗ್ಗೆ ಮಾತಾಡೋಣ, ಅದರ ಬಗ್ಗೆ ಕೇಳಿ ಬಂದಿರೋ ಮೆಸೇಜುಗಳೇ ಜಾಸ್ತಿ.